ಕಂಬಕ್ಕೊರಗಿ ಹೇಳಿದ ಮಾತು

ಹೊನೊಲುಲು, ಹೋಗುವಾಗ

ಮೂವತ್ತೊಂದು ವರ್ಷ ಸುರಪುರ, ಶಹಾಪುರ, ಯಾದಗಿರಿಯ ತಹಸೀಲು ಕಚೇರಿಗಳಲ್ಲಿ ಕೂತು ಬೇರೆಯವರ ಕಾಗದಪತ್ರ ಸರಿಯಿಲ್ಲವೆಂದು ತಿರುಗಿ ಕಳಿಸಿದವನು ನಾನು. ನನ್ನದೇ ಕಾಗದ ಸರಿಯಿಲ್ಲವೆಂದು ಮೊದಲ ಸಲ ಹೇಳಿದವಳು ಹೊನೊಲುಲು ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ. ಕಿವಿಯ ಮೇಲೆ ಹೂ ಸಿಕ್ಕಿಸಿಕೊಂಡಿದ್ದಳು. ನಗುನಗುತ್ತಲೇ ಹೇಳಿದಳು.

ನಾನು ಹೊರಟಿದ್ದು ಅಮೆರಿಕನ್ ಸಮೋವಾ ಎಂಬ ದ್ವೀಪಕ್ಕೆ. ಹವಾಯಿಗೆ ಬಂದರೇ ಭೂಮಿ ಮುಗಿಯಿತು ಅನ್ನಿಸುತ್ತದೆ. ಅಲ್ಲಿಂದ ಮತ್ತೆ ಐದು ತಾಸಿಗೂ ಮೇಲೆ ದಕ್ಷಿಣಕ್ಕೆ ಹಾರಬೇಕು. ನನ್ನ ಅಕ್ಕನ ಮಗಳು ಸವಿತಾ ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮೂರು ವರ್ಷದಿಂದ ಊರಿಗೆ ಬಂದಿರಲಿಲ್ಲ. "ಹುಡುಗಿ ಹ್ಯಾಂಗದಾಳ, ಎಂಥವರ ಮನ್ಯಾಗ ಅದಾಳ, ನೀ ಹೋಗಿ ಕಣ್ಣಿಲೆ ನೋಡಿ ಬಾ" ಎಂದು ಅಕ್ಕ ಬೆನ್ನು ಹತ್ತಿದಳು. ನಿವೃತ್ತನಾದ ತಮ್ಮ ಕಟ್ಟೆಯ ಮೇಲೆ ಕೂತು ಒಂದೇ ಪೇಪರನ್ನು ಎರಡು ಸಲ ಓದುವುದನ್ನು ನೋಡಿ ಅವಳಿಗೂ ಸಾಕಾಗಿತ್ತೇನೋ.

ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇತ್ತು. ದ್ವೀಪವೂ ಅಮೆರಿಕದ್ದೇ. ಆದರೆ ಆ ವೀಸಾ ಅಲ್ಲಿ ನಡೆಯುವುದಿಲ್ಲ. ದ್ವೀಪದವರದೇ ಬೇರೆ ಅನುಮತಿ ಪತ್ರ ಬೇಕು, ಅಲ್ಲಿಯವರೊಬ್ಬರು ನಮಗೆ ಜಾಮೀನು ನಿಲ್ಲಬೇಕು. ಸವಿತಾ ಬಾಡಿಗೆಗಿರುವ ಮನೆಯ ಯಜಮಾನ ನಿಂತು ಪತ್ರ ಮಾಡಿಸಿ ಅಂಚೆಯಲ್ಲಿ ಕಳಿಸಿದ್ದ. ಅಸಲು ಪತ್ರ ದಾರಿಯಲ್ಲಿ ಕಳೆದುಹೋದರೆ ಏನು ಗತಿಯೆಂದು ನಾನು ಅದನ್ನು ಶಹಾಪುರದ ಮನೆಯ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮೂರು ಜೆರಾಕ್ಸ್ ಮಾಡಿಸಿ, ಪರಿಚಯದ ಕಾಲೇಜು ಪ್ರಿನ್ಸಿಪಾಲರಿಂದ ಹಸಿರು ಶಾಯಿಯ ಸಹಿ, ಗುಂಡು ಮೊಹರು ಹಾಕಿಸಿಕೊಂಡು ತಂದೆ. ನಮ್ಮ ಕಚೇರಿಯಲ್ಲಾಗಿದ್ದರೆ ಇಂಥ ಅರ್ಜಿದಾರನನ್ನು ಕೂಡಿಸಿ ಚಹಾ ತರಿಸುತ್ತಿದ್ದೆ.

ಹುಡುಗಿ ಹಸಿರು ಸಹಿಯ ಮೇಲೆ ಬೆರಳಾಡಿಸಿ, ಇವರು ಯಾರು ಎಂದು ಕೇಳಿದಳು. ಗೆಜೆಟೆಡ್ ಅಧಿಕಾರಿ ಎಂದೆ. ಅವಳಿಗೆ ಸಂತೋಷವಾಯಿತೇ ಹೊರತು ವಿಮಾನ ಹತ್ತಲು ಬಿಡಲಿಲ್ಲ. ಮುಂದಿನ ವಿಮಾನ ಮೂರು ದಿನದ ನಂತರ. ಫೋನಿನಲ್ಲಿ ಸವಿತಾ ಮೊದಲು ಬೈದಳು, ಆಮೇಲೆ ನಕ್ಕಳು. ಅವಳ ಮನೆಯ ಯಜಮಾನ ಒಂದು ದಿನ ತನ್ನ ಕೆಲಸ ಬಿಟ್ಟು ಅಲ್ಲಿಯ ಕಚೇರಿಯಲ್ಲಿ ಕೂತು, ಹೊಸ ಪತ್ರ ಬರೆಸಿ, ನೇರ ವಿಮಾನದವರಿಗೇ ಕಳಿಸಿದ. ನಾನು ಅಷ್ಟೂ ದಿನ ಒಂದು ಸಣ್ಣ ಲಾಡ್ಜಿನಲ್ಲಿ ಬಾಳೆಹಣ್ಣು ತಿನ್ನುತ್ತ, ಕಿಟಕಿಯಿಂದ ಕಾಣುವ ಸಮುದ್ರಕ್ಕೆ ಬೆನ್ನು ಮಾಡಿ ಕೂತಿದ್ದೆ.

ಪಾಂಗೊ ಪಾಂಗೊ

ಯಜಮಾನನ ಹೆಸರು ಫೆತು. ಅರವತ್ತೆಂಟರ ಆಳು, ನಮ್ಮ ಕಡೆಯ ಇಬ್ಬರನ್ನು ಸೇರಿಸಿದಷ್ಟು ಅಗಲ. ಮೊಣಕಾಲವರೆಗಿನ ಲುಂಗಿ, ಮೇಲೆ ಇಸ್ತ್ರಿ ಮಾಡಿದ ಅಂಗಿ. ಅಲ್ಲಿ ಲುಂಗಿಗೆ ಕಿಸೆ ಹೊಲಿಸಿರುತ್ತಾರೆ. ಕಚೇರಿಗೂ ಅದನ್ನೇ ಉಟ್ಟು ಹೋಗುತ್ತಾರೆ. ಇದೊಂದನ್ನು ನಮ್ಮ ಸರ್ಕಾರಿ ನೌಕರರು ಬೇಸಿಗೆಯಲ್ಲಿ ಕೇಳಿ ಪಡೆಯಬಹುದಿತ್ತು ಅನ್ನಿಸಿತು.

ಫೆತು ನನ್ನನ್ನು ಅಪ್ಪಿಕೊಂಡು ತನ್ನ ಭಾಷೆಯಲ್ಲಿ ಏನೋ ಹೇಳಿದ. "ಮಾಮಾ, ಅಂತೂ ಬಂದ್ಯಪಾ, ಬೀಗ ಹಾಕಿದ ಕಾಗದ ಅರಾಮ ಅದ ಇಲ್ಲೋ ಅಂತ ಕೇಳಾಕತ್ತಾನ" ಎಂದು ಸವಿತಾ ಹೇಳಿದಳು. ನನ್ನ ಇಂಗ್ಲಿಷು ಕಚೇರಿಯ ಪತ್ರಕ್ಕೆ ಸಾಲುತ್ತದೆ, ಹರಟೆಗೆ ಸಾಲುವುದಿಲ್ಲ. ಹೀಗಾಗಿ ಅಲ್ಲಿದ್ದ ಹದಿನೈದು ದಿನವೂ ಆ ದ್ವೀಪದವರು ಸವಿತಾಳ ಬಾಯಿಂದಲೇ ನನ್ನ ಜೊತೆ ಮಾತಾಡಿದರು. ನನ್ನ ನೆನಪಿನಲ್ಲಿ ಅವರೆಲ್ಲ ಯಾದಗಿರಿ ಕಡೆಯ ಮಾತೇ ಆಡುತ್ತಾರೆ.

ಗುಡ್ಡ ನೇರ ಸಮುದ್ರಕ್ಕೆ ಇಳಿಯುತ್ತದೆ. ನಡುವೆ ಒಂದು ರಸ್ತೆ, ರಸ್ತೆಗೆ ಹತ್ತಿಕೊಂಡು ಮನೆಗಳು, ಮನೆಗಳ ಮುಂದೆ ಗೋರಿಗಳು. ಗೋರಿಗೆ ಮೇಲೊಂದು ಚಪ್ಪರ. ಫೆತುವಿನ ಹೆಂಡತಿ ಮೆಲೆ ಅತ್ತೆಯ ಗೋರಿಯ ಮೇಲೆ ಕೂತು ಚಾಪೆ ಹೆಣೆಯುತ್ತಿದ್ದಳು. ನಮ್ಮಲ್ಲಿ ಹೀಗೆ ಕೂತರೆ ದೊಡ್ಡ ರಾದ್ಧಾಂತವಾದೀತು. ಅಂಗಳದಲ್ಲಿ ಯಾಕೆ ಹೂಳುತ್ತೀರಿ ಎಂದು ಕೇಳಿದೆ. "ಅಜ್ಜ ಇಲ್ಲೇ ಮಲಗ್ಯಾನಂದ್ರ ನೆಲ ಯಾರದು ಅಂತ ಯಾರೂ ಕೇಳಂಗಿಲ್ಲ" ಎಂದಳು. ಪಹಣಿ ತೆಗೆಸಿಕೊಡಲು ಜನರನ್ನು ವಾರಗಟ್ಟಲೆ ಓಡಾಡಿಸಿದ ನಾನು ಆ ಗೋರಿಯನ್ನು ಕೊಂಚ ಗೌರವದಿಂದ ನೋಡಿದೆ.

ಸಂಜೆ ಒಂದು ತಪ್ಪಾಯಿತು. ಬ್ರೆಡ್ಡು ತಿನ್ನುತ್ತ ರಸ್ತೆಯಲ್ಲಿ ಅಡ್ಡಾಡುತ್ತಿದ್ದೆ. ಎಲ್ಲೋ ಶಂಖ ಊದಿದರು. ಊರಿಗೆ ಊರೇ ನಿಂತುಹೋಯಿತು. ರಸ್ತೆಬದಿಯಲ್ಲಿ ಸಾಲಾಗಿ ನಿಂತಿದ್ದ ದಾಂಡಿಗರಲ್ಲೊಬ್ಬ ನನಗೆ ಕೈಸನ್ನೆಯಿಂದ, ಕೂಡು ಎಂದ. ಅಲ್ಲೇ ಕಲ್ಲಿನ ಮೇಲೆ ಕೂತೆ. ಅದು ಸಂಜೆ ಪ್ರಾರ್ಥನೆಯ ಹೊತ್ತಂತೆ. ಆಗ ಯಾರೂ ನಡೆದಾಡುವಂತಿಲ್ಲ. ಅವರದು ಕ್ರಿಸ್ತ, ನನ್ನದು ಬುದ್ಧನ ಪಟವಿರುವ ಮನೆ. ಆ ಹದಿನೈದು ನಿಮಿಷ ಬಾಯಲ್ಲಿ ಬ್ರೆಡ್ಡಿಟ್ಟುಕೊಂಡು ನಾನೂ ಕಣ್ಣು ಮುಚ್ಚಿದೆ. ತೊಂದರೆಯೇನೂ ಆಗಲಿಲ್ಲ.

ಫೆತುವಿನ ಬಸ್ಸಿನಲ್ಲಿ

ಅಲ್ಲಿಯ ಬಸ್ಸುಗಳು ಮನೆಮನೆಯವರವು; ಫೆತು ತನ್ನದನ್ನು ತಾನೇ ಓಡಿಸುತ್ತಾನೆ. ಲಾರಿಯ ಮೇಲೆ ಕಟ್ಟಿಗೆಯ ಮೈ ಕೂಡಿಸಿ ಬಣ್ಣ ಬಳಿದಿರುತ್ತಾರೆ. ಇಳಿಯುವವರು ಮೇಲಿನ ಹಲಗೆಯನ್ನು ಬಡಿಯುತ್ತಾರೆ, ಬಸ್ಸು ನಿಲ್ಲುತ್ತದೆ. ಸೀಟು ತುಂಬಿದರೆ ಹುಡುಗಿಯರು ಪಕ್ಕದವರ ತೊಡೆಯ ಮೇಲೆ ಕೂಡುತ್ತಾರೆ. ಒಬ್ಬ ಮುದುಕಿ ಹತ್ತಿದಾಗ ನಾನು ಮರ್ಯಾದೆಗೆ ಎದ್ದು ನಿಂತೆ. ಎಲ್ಲರೂ ಗದರಿದರು. ಕೂತವರ ನಡುವೆ ಒಬ್ಬನೇ ನಿಲ್ಲುವುದು ಅಲ್ಲಿ ಸೊಕ್ಕಿನ ಲಕ್ಷಣ. ಶಹಾಪುರದಿಂದ ಸುರಪುರಕ್ಕೆ ಎಷ್ಟು ಸಲ ನಿಂತುಕೊಂಡೇ ಹೋಗಿದ್ದೇನೆ. ಅಷ್ಟು ಸೊಕ್ಕು ನನಗೆ ಎಂದೂ ಇರಲಿಲ್ಲ.

ನಾಲ್ಕನೆಯ ದಿನ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ಫೆತು ಲುಂಗಿಯ ಕಿಸೆಯಿಂದ ತನ್ನ ಪಾಸ್‌ಪೋರ್ಟು ತೆಗೆದ. ಹದ್ದಿನ ಚಿತ್ರ, ನೀಲಿ ರಟ್ಟು, ಅಸಲು ಅಮೆರಿಕದ್ದು. ಕೊನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟ. ಈ ಪುಸ್ತಕ ಹಿಡಿದವನು ಅಮೆರಿಕದ ರಾಷ್ಟ್ರೀಯನು, ಪೌರನಲ್ಲ ಎಂದು ಅಚ್ಚಾಗಿತ್ತು.

ಎರಡೂ ಒಂದೇ ಅಲ್ಲವೇ ಎಂದೆ. ಅಲ್ಲ. ಆ ದೇಶದ ಬಾವುಟ ಹಾರುವ ನೆಲಗಳಲ್ಲಿ ಹುಟ್ಟಿದವರು ಬಹುತೇಕ ಎಲ್ಲ ಕಡೆ ಹುಟ್ಟಿದಾಗಲೇ ಪೌರರು. ಈ ದ್ವೀಪದಲ್ಲಿ ಹುಟ್ಟಿದವರು ಮಾತ್ರ ಹಾಗಲ್ಲ. ಪೌರರಾಗಬೇಕೆಂದರೆ ದ್ವೀಪ ಬಿಟ್ಟು ಹವಾಯಿಯಂಥ ಒಂದು ರಾಜ್ಯಕ್ಕೆ ಹೋಗಿ, ಅಲ್ಲಿ ಮೂರು ತಿಂಗಳು ವಾಸವಾಗಿದ್ದು, ಅಲ್ಲಿಂದಲೇ ಅರ್ಜಿ ಹಾಕಿ, ಪರೀಕ್ಷೆ ಕೊಟ್ಟು, ಪ್ರಮಾಣ ಮಾಡಬೇಕು. ಇಲ್ಲಿದ್ದೇ ಅರ್ಜಿ ಹಾಕಲು ಬಿಡುವ ಮಸೂದೆಯೊಂದು ರಾಜಧಾನಿಯಲ್ಲಿ ಇದೆಯಂತೆ. ಎಷ್ಟು ದಿನದಿಂದ ಇದೆ ಎಂದು ಕೇಳಿದೆ. ಇದು ಎಷ್ಟು ದಿನದಿಂದ ಇದೆಯೋ ಅಷ್ಟು ಎಂಬಂತೆ ಫೆತು ಸಮುದ್ರದ ಕಡೆ ಕೈ ಮಾಡಿದ.

"ಇಪ್ಪತ್ತು ವರ್ಷ ಅವರ ಫೌಜಿನ್ಯಾಗ ಇದ್ದೆ. ಬಂದೂಕು ಕೊಡುವಾಗ ಈ ಸಾಲು ಯಾರಿಗೂ ಕಾಣಲಿಲ್ಲ" ಎಂದ.

"ಆವಾಗೇ ಅರ್ಜಿ ಹಾಕಬೇಕಿತ್ತಿಲ್ಲ? ಫೌಜಿನವರಿಗೆ ಸಸಾರ ಇತ್ತೇನೋ" ಎಂದೆ. ಮೂವತ್ತೊಂದು ವರ್ಷ ನಾನು ಜನರಿಗೆ ಕೇಳಿದ ಪ್ರಶ್ನೆ ಇದೇ.

"ಆವಾಗ ನಾ ಅವರವನೇ ಅಂತ ತಿಳಕೊಂಡಿದ್ದೆ. ನಮ್ಮ ಮನಿಗೆ ನಾವೇ ಹೋಗಿ ಒಳಗ ಬರಲೇನು ಅಂತ ಕೇಳ್ತೀವೇನು?" ಎಂದ. ಪಾಸ್‌ಪೋರ್ಟನ್ನು ಮತ್ತೆ ಕಿಸೆಗೆ ಹಾಕುತ್ತ, "ಈಗ ಈ ಸಾಲು ಇಟ್ಕೊಂಡು ಸಾಯೂದು ಬ್ಯಾಡ ಅನಸ್ತದ. ಹೊನೊಲುಲುದಾಗ ತಂಗಿ ಮಗ ಅದಾನ. ಮೂರು ತಿಂಗಳು ಇರು ಮಾಮಾ ಅಂತಾನ" ಎಂದ.

ಹಾಗಾದರೆ ಹೋಗಲು ಏನಡ್ಡಿ? ಫೆತು ಊರ ಪಂಚರಲ್ಲೊಬ್ಬ. ಅವನ ಮನೆತನಕ್ಕೊಂದು ಪದವಿಯ ಹೆಸರಿದೆ, ಅದನ್ನು ಈಗ ಹೊತ್ತವನು ಅವನೇ. ಅಂಥವನು ಬಹಳ ದಿನ ಊರು ಬಿಡುವುದಾದರೆ ಉಳಿದ ಪಂಚರ ಒಪ್ಪಿಗೆ ಪಡೆಯಬೇಕು. ಮದುವೆಗೋ ದವಾಖಾನೆಗೋ ಆದರೆ ಯಾರೂ ಬೇಡ ಅನ್ನುವುದಿಲ್ಲ. ಈ ಕಾರಣಕ್ಕೆ ಮಾತ್ರ ಕೂತು ಮಾತಾಡೋಣ ಎಂದಿದ್ದರು. ಪಂಚರು ಕೂಡುವುದು ಶುಕ್ರವಾರ. ನೀನೂ ಬಾ ಎಂದ ಫೆತು, ನನಗೆ ಕಚೇರಿಯ ಅನುಭವವಿದೆ ಎಂಬ ಅಭಿಮಾನದಿಂದ.

ಕಂಬಗಳ ಮನೆ

ಪಂಚರ ಮನೆಗೆ ಗೋಡೆಗಳಿಲ್ಲ. ದುಂಡಗೆ ಕಂಬಗಳು, ಮೇಲೆ ಮಾಡು, ಕೆಳಗೆ ಚಾಪೆ. ಗಾಳಿ ಒಳ್ಳೆಯದಿತ್ತು. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಇನ್ನೊಬ್ಬರ ಕಡೆ ಕಾಲು ಚಾಚಬೇಡಿ ಎಂದು ಸವಿತಾ ಮೊದಲೇ ಹೇಳಿದ್ದಳು. ಕಾಲನ್ನು ಬಿಗಿಯಾಗಿ ಮಡಿಚಿ, ಖಾಲಿಯಿದ್ದ ಒಂದು ಕಂಬ ನೋಡಿ, ಬೆನ್ನೊರಗಿಸಿ ಕೂತೆ. ನಮ್ಮಲ್ಲಿ ಗುಡಿಯಿರಲಿ ಪಂಚಾಯ್ತಿಯಿರಲಿ, ಕಂಬ ಕಂಡರೆ ಬೆನ್ನು ತಾನಾಗಿ ಅತ್ತ ವಾಲುತ್ತದೆ.

ಮಾತು ನಿಂತಿತು. ಯಾರೂ ನನ್ನನ್ನು ನೋಡಲಿಲ್ಲ, ಎಲ್ಲರೂ ನನ್ನ ಹಿಂದಿನ ಕಂಬವನ್ನು ನೋಡುತ್ತಿದ್ದರು. "ಮಾಮಾ, ಈ ಕಡಿ ಸರೀರಿ. ಅದು ಖಾಲಿ ಇಲ್ಲ" ಎಂದು ಸವಿತಾ ಪಿಸುಗುಟ್ಟಿದಳು. ಒಂದೊಂದು ಕಂಬ ಒಂದೊಂದು ಮನೆತನದ್ದಂತೆ. ನಾನು ಕೂತಿದ್ದು ಆ ದಿನ ಜ್ವರದಿಂದ ಬರದಿದ್ದ ಒಬ್ಬ ಪಂಚನ ಜಾಗ. ಕಿವಿ ಬಿಸಿಯಾಗಿ ಏಳಹೋದೆ. ಎದುರಿನ ಕಂಬದ ಹಿರಿಯ ಕೈಯೆತ್ತಿ ತಡೆದ. ಎಂಬತ್ತರ ಮೇಲಿನ ಮುದುಕ. ತೊಡೆಯ ಮೇಲೆ ತೆಂಗಿನ ನಾರಿಟ್ಟುಕೊಂಡು ಹುರಿ ಹೊಸೆಯುತ್ತಿದ್ದ.

"ಇರಲಿ, ಕೂಡ್ರಿ. ಆ ಕಂಬಕ್ಕ ಕೂತವರು ಮಾತ್ರ ಮಾತಾಡಬೇಕಾಗ್ತದ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಫೆತು ತನ್ನ ಕಂಬದಿಂದ ತಗ್ಗಿದ ದನಿಯಲ್ಲಿ ಮೂರು ತಿಂಗಳು ಕೇಳಿದ. ಒಂದಿಬ್ಬರು ಹೋಗಲಿ ಅಂದರು. ಹಿರಿಯ ಹುರಿ ಹೊಸೆಯುತ್ತಲೇ ತನ್ನ ಅಂಜಿಕೆ ಹೇಳಿದ. ಇಂದು ಫೆತು ಹೋಗುತ್ತಾನೆ, ನಾಳೆ ಎಲ್ಲರೂ. ಎಲ್ಲರೂ ಪೌರರಾದ ಮೇಲೆ ಎಲ್ಲರಿಗೂ ಒಂದೇ ಕಾನೂನು ಅನ್ನುತ್ತಾರೆ. ಹೊರಗಿನವರಿಗೆ ನೆಲ ಕೊಡಬಾರದು ಎಂಬ ನಮ್ಮ ಕಟ್ಟಳೆ ಆಗ ಉಳಿಯುತ್ತದೆಯೇ? ಹೀಗೆಂದವನು ನನ್ನ ಕಡೆ ತಿರುಗಿದ.

"ನೀವು ನೆಲದ ಕಾಗದ ನೋಡಿದವರಂತ. ನಿಮ್ಮ ಕಡಿ ಹೊರಗಿನವರು ಬಂದಾಗ ನೆಲ ಏನಾತು?"

ನನಗೆ ಉತ್ತರ ಗೊತ್ತಿತ್ತು. ಗೊತ್ತಿರುವ ಉತ್ತರ ಬಾಯಲ್ಲಿ ನಿಲ್ಲುವುದಿಲ್ಲ.

"ನಮ್ಮ ಕಡಿ ಕೃಷ್ಣಾ ಹೊಳಿ ಕಾಲುವಿ ಬಂತ್ರಿ" ಎಂದು ಸುರು ಮಾಡಿದೆ. ಶಹಾಪುರ ಸುರಪುರ ನಡುವೆ ನಮ್ಮಪ್ಪನ ಮೂರು ಎಕರೆ ಇತ್ತು. ಜೋಳ, ತೊಗರಿ ಬೆಳೆಯುವ ಕರಿನೆಲ. ನೀರು ಬರುವ ಎರಡು ವರ್ಷ ಮೊದಲೇ ಆಂಧ್ರದ ಕಡೆಯಿಂದ ನೆಲ ಹಿಡಿಯುವ ರೈತರು ಬಂದರು. ಅವರಿಗೆ ಭತ್ತದ ವಿದ್ಯೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಅಪ್ಪ ಮಾರಿದ. ಹಾಗೇ ಓಣಿಯೆಲ್ಲ ಮಾರಿತು. ಅವರು ಕಾಲುವೆಯುದ್ದಕ್ಕೂ ಕ್ಯಾಂಪು ಕಟ್ಟಿಕೊಂಡರು. ಮುಂದೆ ಅದೇ ಮೂರು ಎಕರೆಯ ಕೆಸರಿನಲ್ಲಿ ಅಪ್ಪ ಕೂಲಿಗೆ ನಾಟಿ ಹಚ್ಚಿದ. "ಅವರು ಕೆಟ್ಟವರಲ್ಲ. ನಮ್ಮಪ್ಪಗ ಅಣ್ಣಾ ಅಂತ ಕರದು ಚಹಾ ಕೊಡ್ತಿದ್ರು. ಆದ್ರ ನೆಲ ಹೋತು. ತಿರುಗಿ ಬರಲಿಲ್ಲ."

ಸವಿತಾ ಅನುವಾದಿಸಲಿಲ್ಲ. "ಮಾಮಾ, ಇದನ್ನ ಹೇಳಲೇನು?" ಎಂದಳು.

"ಕೇಳ್ಯಾರ. ಹೇಳು" ಎಂದೆ. ನಮ್ಮ ಕಡೆಯವರು ಒರಟರು ಎಂದು ಬೆಂಗಳೂರಿನವರು ಅನ್ನುತ್ತಾರೆ. ನಾವು ಅದನ್ನು ನೇರ ನುಡಿ ಅಂದುಕೊಂಡು ಬದುಕಿದ್ದೇವೆ.

ಅವಳು ಹೇಳಿದಳು. ಹುರಿ ಹೊಸೆಯುವ ಕೈ ಒಂದು ಗಳಿಗೆ ನಿಂತಿತು. ಹೋಗಲಿ ಎಂದಿದ್ದವರೂ ತಲೆ ತಗ್ಗಿಸಿದರು. ತೀರ್ಮಾನಕ್ಕೆ ಬಹಳ ಹೊತ್ತಾಗಲಿಲ್ಲ: ಈಗ ಬೇಡ. ಆ ಮಸೂದೆ ಪಾಸಾಗಲಿ, ಅರ್ಜಿಯನ್ನು ಇಲ್ಲೇ ತೆಗೆದುಕೊಳ್ಳಲಿ, ನಮ್ಮ ಕಟ್ಟಳೆ ಉಳಿಯುತ್ತದೆಂದು ಬರೆದುಕೊಡಲಿ, ಆಮೇಲೆ ನೋಡೋಣ. ಫೆತು ಒಂದೇ ಮಾತು ಹೇಳಿ ಅಂಗೈ ಚಾಪೆಗೆ ಊರಿದ. ಏನೆಂದ ಎಂದು ಸವಿತಾಳನ್ನು ಕೇಳಿದೆ. "ಆಗಲಿ ಅಂದ" ಎಂದಳು. ನನ್ನ ಮುಖ ನೋಡಲಿಲ್ಲ.

ಭಾನುವಾರ

ಭಾನುವಾರ ಅಲ್ಲಿ ಅಡುಗೆ ಗಂಡಸರದು. ಬೆಳಗಿನ ಜಾವವೇ ಕಾದ ಕಲ್ಲುಗಳ ಮೇಲೆ ಕೆಸುವಿನ ಗಡ್ಡೆ, ಹಲಸಿನಂಥದೊಂದು ಕಾಯಿ, ತೆಂಗಿನಹಾಲು ಸುತ್ತಿದ ಎಲೆಯ ಪೊಟ್ಟಣಗಳನ್ನು ಇಟ್ಟು ಮೇಲೆ ಬಾಳೆಲೆ ಮುಚ್ಚುತ್ತಾರೆ. ಚರ್ಚಿನಿಂದ ಬರುವಷ್ಟರಲ್ಲಿ ಬೆಂದಿರುತ್ತದೆ. ಫೆತು ನನ್ನ ಎಲೆಗೆ ಎರಡು ಪೊಟ್ಟಣ ಹೆಚ್ಚು ಹಾಕಿದ. ಮೆಲೆ ನನಗೆ ಬೀಸಣಿಗೆ ಬೀಸಿದಳು. ಬೈದಿದ್ದರೆ ಊಟ ಇಳಿಯುತ್ತಿತ್ತು.

ಬೈದವಳು ಸವಿತಾ, ಊಟದ ಮೇಲೆ ಗೋರಿಯ ಚಪ್ಪರದಡಿ ಕೂತು.

"ಅಜ್ಜ ನೆಲ ಮಾರಿದ್ದು ಪೌರ ಆಗಿದ್ದಕ್ಕೇನು? ನಿಜಾಮನ ರೈಯತ ಅಂತ ಹುಟ್ಟಿದ, ಒಂದಿನ ಭಾರತದವ ಆದ. ಅರ್ಜಿ ಹಾಕಿದ್ದನೇನು? ಮೂರು ತಿಂಗಳು ಎಲ್ಲಿಯಾದ್ರೂ ಹೋಗಿ ಇದ್ದನೇನು? ನೆಲ ಹೋಗಿದ್ದು ಅದಕ್ಕಲ್ಲ. ಮಾರಬ್ಯಾಡ ಅನ್ನೋ ಕಟ್ಟಳಿ ನಮಗ ಇರಲಿಲ್ಲ, ಅದಕ್ಕ. ಇವರಿಗೆ ಅದ ಮಾಮಾ. ಆ ಕಟ್ಟಳಿ ಪೌರ ಆದ ಕೂಡಲೇ ಹೋಗ್ತದ ಅಂತ ಯಾರಿಗೂ ಗೊತ್ತಿಲ್ಲ. ನಿಮಗರ ಗೊತ್ತದ ಏನು?"

ಇಲ್ಲ ಎಂದೆ.

"ಮತ್ತ ಯಾಕ ಹೇಳಿದ್ರಿ? ಅವ ನಿಮಗ ಜಾಮೀನು ನಿಂತಾನ. ಈ ಮನಷ್ಯಾ ಬರ್ತಾನ, ವಾಪಸ್ ಹೋಗ್ತಾನ ಅಂತ ಸಹಿ ಮಾಡ್ಯಾನ, ನಿಮ್ಮ ಮಾರಿ ಒಮ್ಮಿನೂ ನೋಡದೇ. ನೀವು ಅವನ ಮನ್ಯಾಗ ಉಂಡು, ಫೆತು ವಾಪಸ್ ಬರ್ತಾನ ಅಂತ ಒಂದು ಮಾತು ಹೇಳಲಿಲ್ಲ."

ಕಡತ ನೋಡದೆ ಅಭಿಪ್ರಾಯ ಬರೆಯಬಾರದು ಎಂದು ಹೊಸ ಗುಮಾಸ್ತರಿಗೆ ನಾನೇ ಎಷ್ಟು ಸಲ ಹೇಳಿದ್ದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆದರೆ ಅವರು ತೀರ್ಮಾನಿಸಬೇಕಿದ್ದುದಕ್ಕೂ ನಾನು ಹೇಳಿದ್ದಕ್ಕೂ ಸಂಬಂಧವಿರಲಿಲ್ಲ. ನಾಲ್ಕು ದಶಕದಿಂದ ಒಳಗಿದ್ದ ಮೂರು ಎಕರೆಯ ಸಂಕಟವನ್ನು ಕೇಳುವವರು ಸಿಕ್ಕರೆಂದು ಅಲ್ಲಿ ಕಕ್ಕಿ ಬಂದಿದ್ದೆ. ನಷ್ಟವಾದದ್ದು ಫೆತುವಿಗೆ. ನನಗೆ ನಿಜಕ್ಕೂ ಕೆಟ್ಟೆನಿಸಿತು.

ಸವಿತಾಳನ್ನು ಕರೆದುಕೊಂಡು ಆ ಹಿರಿಯನ ಮನೆಗೆ ಹೋದೆ. ಈ ಸಲ ಕಂಬದಿಂದ ದೂರ, ನಡುಚಾಪೆಯಲ್ಲಿ ಕೂತೆ. ನನ್ನ ಮಾತಿಗೆ ತಿದ್ದುಪಡಿ ಇದೆ ಎಂದೆ. ಎಲ್ಲ ಕೇಳಿಸಿಕೊಂಡ.

"ನೀವು ಸುಳ್ಳು ಹೇಳಿದ್ರೇನು?"

"ಇಲ್ರಿ."

"ಹಂಗಾದ್ರ ತಿದ್ದೂದು ಏನದ? ಅಂಜಿಕಿ ನಮ್ಮದು, ಮೊದಲೇ ಇತ್ತು. ನೀವು ಅದಕ್ಕ ಒಂದು ಊರು ತೋರಿಸಿದ್ರಿ" ಎಂದ. ಪಂಚರು ಮತ್ತೆ ಕೂತಾಗ ನನ್ನ ಎರಡನೆಯ ಮಾತನ್ನೂ ಹೇಳುವುದಾಗಿ ಒಪ್ಪಿದ. ಯಾವಾಗ ಕೂಡುತ್ತೀರಿ ಎಂದೆ. ಇದೇ ವಿಷಯಕ್ಕೆ ಒಂದು ವರ್ಷದೊಳಗೆ ಮತ್ತೆ ಕೂಡುವ ಪದ್ಧತಿ ಇಲ್ಲವಂತೆ. ಎಳನೀರು ಕೊಟ್ಟು ಕಳಿಸಿದ.

ಹೊನೊಲುಲು, ಬರುವಾಗ

ಫೆತುವೇ ಬಸ್ಸಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟ. ದಾರಿಯಲ್ಲಿ ಜನ ಹತ್ತಿದರು, ಹಲಗೆ ಬಡಿದು ಇಳಿದರು. ಇಳಿಯುವಾಗ ನಾನು ಅವನ ಎರಡೂ ಕೈ ಹಿಡಿದು, "ನನ್ನಿಂದ ತಪ್ಪಾತು" ಎಂದು ನನ್ನ ಭಾಷೆಯಲ್ಲೇ ಹೇಳಿದೆ. ಸವಿತಾ ಬಾಯಿ ತೆರೆಯುವಷ್ಟರಲ್ಲಿ ಅವನು ತಲೆಯಾಡಿಸಿದ; ಅದಕ್ಕೆ ಅನುವಾದ ಬೇಕಿರಲಿಲ್ಲವೇನೋ. "ಮುಂದಿನ ವರ್ಷ ಮತ್ತ ಕೇಳ್ತೀನಿ. ಅಲ್ಲೀತನಕ ಮೊಣಕಾಲೊಂದು ಗಟ್ಟಿ ಇರಬೇಕು" ಎಂದ. ಬಸ್ಸು ತಿರುಗಿಸಿಕೊಂಡು ಹೋದ. ಸಂಜೆ ಪ್ರಾರ್ಥನೆಗೆ ಅವನು ಊರಲ್ಲಿರಬೇಕಿತ್ತು.

ಹೊನೊಲುಲುದಲ್ಲಿ ಮತ್ತೆ ತಪಾಸಣೆ. ಪೌರರಿಗೊಂದು ಸಾಲು, ಪರದೇಶದವರಿಗೊಂದು. ನಾನು ಪರದೇಶದವರ ಸಾಲಿನಲ್ಲಿ ನಿಂತೆ. ಅಧಿಕಾರಿ ಪಡ್ಡೆ ವಯಸ್ಸಿನವನು, ಆಕಳಿಸುತ್ತಿದ್ದ. ಎಷ್ಟು ದಿನ ಇರುತ್ತೀಯಾ ಎಂದ. ಒಂದು ರಾತ್ರಿ, ನಾಳೆ ಬೆಳಿಗ್ಗೆ ವಿಮಾನವಿದೆ ಎಂದೆ. ಯಾರ ಮನೆ, ಯಾರ ಜಾಮೀನು, ಊರಲ್ಲಿ ಯಾರನ್ನು ಕೇಳಿ ಬಂದೆ ಎಂದು ಏನೊಂದನ್ನೂ ಕೇಳಲಿಲ್ಲ. ಪಾಸ್‌ಪೋರ್ಟಿಗೆ ಮೊಹರು ಹೊಡೆದು, ಅದರೊಳಗೆ ಪೆನ್ನಿನಿಂದ ಒಂದು ತಾರೀಕು ಬರೆದು ಈಚೆ ನೂಕಿದ.

ಬೆಳಕಿಗೆ ಹಿಡಿದು ಓದಿದೆ. ಆರು ತಿಂಗಳು ಮುಂದಿನ ತಾರೀಕು. ತಪ್ಪು ಬಿದ್ದಿದೆಯೆಂದು ತಿರುಗಿ ಹೋಗಿ ತೋರಿಸಿದೆ, ನನಗೆ ಇಷ್ಟು ಬೇಡ, ನಾಳೆಯೇ ಹೋಗುವವನು ಎಂದೆ. ಅವನು ನಕ್ಕ. ಎಲ್ಲರಿಗೂ ಅಷ್ಟೇ ಕೊಡುವುದು, ಮನಸ್ಸಿದ್ದರೆ ಇರು ಎಂದ.

ಫೆತುವಿಗೆ ಬೇಕಾಗಿದ್ದುದು ಮೂರು. ಹಿಂದಿನವರಿಗೆ ದಾರಿ ಬಿಡು ಎಂದು ಅಧಿಕಾರಿ ಎರಡು ಸಲ ಹೇಳುವವರೆಗೆ ನಾನು ಅಲ್ಲೇ ನಿಂತಿದ್ದೆ.